ಓದುಗರ ಪ್ರಶ್ನೆಗೆ ಉತ್ತರ: ಕ್ರಾಕೋವ್‌ನಲ್ಲಿ ಮೂರು ದಿನ

ಪ್ರಶ್ನೆ: ಪೋಲೆಂಡಿನ ವಾರ್ಸಾದಲ್ಲಿರುವ ಮಗಳ ಮನೆಗೆ ಸೆಪ್ಟೆಂಬರ್‌ನಲ್ಲಿ ನಾನೂ ನನ್ನ ಪತ್ನಿಯೂ ಹೋಗುತ್ತಿದ್ದೇವೆ. ಅಲ್ಲಿಂದ ಮೂರು ದಿನಗಳ ಮಟ್ಟಿಗೆ ಕ್ರಾಕೋವ್ ನೋಡುವ ಯೋಚನೆಯಿದೆ. ಉಪ್ಪಿನ ಗಣಿ ಮತ್ತು ಆಶ್ವಿಟ್ಜ್‌ನ ನಾಜಿ ಶಿಬಿರ ಎರಡನ್ನೂ ಒಂದೇ ದಿನದಲ್ಲಿ ಮುಗಿಸುವ ಪ್ಯಾಕೇಜನ್ನು ಏಜೆಂಟರು ಸೂಚಿಸಿದ್ದಾರೆ. ಇದು ಸರಿಯೇ? ಊರೊಳಗೆ ನೋಡಲೇಬೇಕಾದದ್ದು ಏನು?
(ನಿವೃತ್ತ ಉಪನ್ಯಾಸಕರು, ಮೈಸೂರು)

ಉತ್ತರ: ಆ ಪ್ಯಾಕೇಜನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ; ಮೊದಲು ಊರಿನ ವಿಷಯ.

ನೀವು ವಾರ್ಸಾದಲ್ಲಿ ನೋಡಲಿರುವ ಹಳೆಯ ಪೇಟೆಯ ಬಹುಭಾಗ ಎರಡನೆಯ ಮಹಾಯುದ್ಧದ ನಂತರ ಮತ್ತೆ ಕಟ್ಟಿದ್ದು. ಕ್ರಾಕೋವ್‌ಗೆ ಆ ಗತಿ ಬರಲಿಲ್ಲ. ನಾಜಿಗಳು ತಮ್ಮ ಆಕ್ರಮಿತ ಪ್ರದೇಶದ ಆಡಳಿತವನ್ನು ಇಲ್ಲಿಂದಲೇ ನಡೆಸಿದರು, ಗವರ್ನರ್ ಹಾನ್ಸ್ ಫ್ರಾಂಕ್ ವಾವೆಲ್ ಗುಡ್ಡದ ಅರಮನೆಯಲ್ಲೇ ಬೀಡುಬಿಟ್ಟಿದ್ದ. ಜನರು ನಾಶವಾದರೂ ಕಟ್ಟಡಗಳು ಬಹುಪಾಲು ಉಳಿದವು. ಹಾಗಾಗಿ ಇಲ್ಲಿನ ಕಲ್ಲುಗಳಿಗೆ ನಿಜವಾಗಿಯೂ ಶತಮಾನಗಳ ವಯಸ್ಸಿದೆ, ಅವನ್ನು ಬಸ್ಸಿನ ಕಿಟಕಿಯಿಂದಲ್ಲದೆ ನಡೆದುಕೊಂಡೇ ನೋಡಬೇಕು.

ಮೊದಲ ದಿನವನ್ನು ಉತ್ತರದ ಬಾರ್ಬಿಕನ್ ಕೊತ್ತಲದಿಂದ ಆರಂಭಿಸಿ. 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಈ ದುಂಡನೆಯ ಕೊತ್ತಲವನ್ನೂ ಅದರ ಹಿಂದಿನ ಫ್ಲೋರಿಯನ್ ಬಾಗಿಲನ್ನೂ ಉಳಿಸಿಕೊಂಡು, ಉಳಿದ ಕೋಟೆಗೋಡೆಯ ಬಹುಭಾಗವನ್ನು 19ನೇ ಶತಮಾನದ ಆರಂಭದಲ್ಲಿ ಕೆಡವಿ, ಕಂದಕ ಮುಚ್ಚಿದ ಜಾಗದಲ್ಲಿ ಪ್ಲಾಂಟಿ ಎಂಬ ಉದ್ಯಾನವನ್ನು ಬೆಳೆಸಿದರು. ಇಂದಿಗೂ ಹಳೆಯ ಊರನ್ನು ಆ ಮರಗಳ ಸಾಲೇ ಸುತ್ತುವರಿದಿದೆ. ಬಾಗಿಲು ದಾಟಿ ನೇರ ನಡೆದರೆ ದೊಡ್ಡ ಚೌಕ ಸಿಗುತ್ತದೆ. 1241ರಲ್ಲಿ ಮಂಗೋಲರು ಊರನ್ನು ಹಾಳುಗೆಡವಿದ ಮೇಲೆ, 1257ರಲ್ಲಿ ಹೊಸದಾಗಿ ನಕ್ಷೆ ಹಾಕಿ ರೂಪಿಸಿದ ಚೌಕವಿದು. ಒಂದೊಂದು ಬದಿಯೂ ಸುಮಾರು 200 ಮೀಟರ್. ನಡುವೆ ಇರುವ ಉದ್ದನೆಯ ಕಟ್ಟಡ ಹಿಂದಿನ ಬಟ್ಟೆ ವ್ಯಾಪಾರಿಗಳ ಮಳಿಗೆ. ಇಂದು ಅಲ್ಲಿ ನೆನಪಿನ ಸಾಮಾನುಗಳೇ ಹೆಚ್ಚು, ಕೊಳ್ಳಲು ಅವಸರ ಬೇಡ. ಚೌಕದ ನೆಲದಡಿಯಲ್ಲಿ 2010ರಲ್ಲಿ ತೆರೆದ ವಸ್ತುಸಂಗ್ರಹಾಲಯ ಮಾತ್ರ ತಪ್ಪಬಾರದು.

ಚೌಕದ ಮೂಲೆಯಲ್ಲಿರುವ ಸೇಂಟ್ ಮೇರಿ ಚರ್ಚಿನ ಎತ್ತರದ ಗೋಪುರದಿಂದ ಪ್ರತಿ ಗಂಟೆಗೂ ನಾಲ್ಕು ದಿಕ್ಕಿಗೆ ತುತ್ತೂರಿ ಊದುತ್ತಾರೆ, ರಾಗ ಮಧ್ಯದಲ್ಲೇ ತಟ್ಟನೆ ನಿಲ್ಲುತ್ತದೆ. ಮಂಗೋಲರ ದಾಳಿಯ ಎಚ್ಚರಿಕೆ ಊದುತ್ತಿದ್ದ ಕಾವಲುಗಾರನ ಗಂಟಲಿಗೆ ಬಾಣ ನೆಟ್ಟದ್ದರಿಂದ ಹೀಗೆ ಎಂಬುದು ಜನಪ್ರಿಯ ಕಥೆ; ಅದನ್ನು ಇತಿಹಾಸವೆಂದು ನಂಬಬೇಕಾಗಿಲ್ಲ. ಊದುವವರು ಅಗ್ನಿಶಾಮಕ ದಳದ ಸಿಬ್ಬಂದಿ ಎಂಬುದು ನನಗೆ ಕಥೆಗಿಂತ ಹೆಚ್ಚು ಇಷ್ಟವಾದ ಸಂಗತಿ. ಚರ್ಚಿನೊಳಗೆ ಶಿಲ್ಪಿ ಫೈಟ್ ಸ್ಟೋಸ್ 1477ರಿಂದ 1489ರವರೆಗೆ ದುಡಿದು ಮರದಲ್ಲಿ ಕೆತ್ತಿದ ಬಲಿಪೀಠದ ಶಿಲ್ಪವಿದೆ. ಸುಮಾರು 13 ಮೀಟರ್ ಎತ್ತರದ ಈ ಕೃತಿಯಲ್ಲಿ ಮುದುಕರ ಕೈಯ ನರಗಳು ಕೂಡ ಎದ್ದು ಕಾಣುತ್ತವೆ. ಯುದ್ಧಕಾಲದಲ್ಲಿ ಜರ್ಮನಿಗೆ ಸಾಗಿಸಲ್ಪಟ್ಟಿದ್ದ ಅದು 1946ರಲ್ಲಿ ಮರಳಿತು. ಹಳೇಬೀಡಿನ ಗೋಡೆಗಳ ಮುಂದೆ ನಿಲ್ಲುವ ತಾಳ್ಮೆ ಇರುವವರು ಇಲ್ಲಿ ಒಂದು ಗಂಟೆಯನ್ನಾದರೂ ಕೊಡಬೇಕು.

ಉಪನ್ಯಾಸಕರಾಗಿದ್ದ ನಿಮಗೆ ಕೊಲೇಜಿಯಮ್ ಮಾಯುಸ್ ಹಿಡಿಸೀತು. 1364ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಹಳೆಯ ಕಟ್ಟಡವದು. ಕೊಪರ್ನಿಕಸ್ 1491ರಲ್ಲಿ ಸೇರಿದ್ದು ಇದೇ ವಿಶ್ವವಿದ್ಯಾಲಯಕ್ಕೆ. ಚಾರ್ತೋರಿಸ್ಕಿ ವಸ್ತುಸಂಗ್ರಹಾಲಯದಲ್ಲಿ ಲಿಯೊನಾರ್ಡೊ ಡ ವಿಂಚಿಯ, ಬಿಳಿ ಅರ್ಮಿನ್ ಪ್ರಾಣಿಯನ್ನು ಹಿಡಿದ ತರುಣಿಯ ಚಿತ್ರವಿದೆ.

ಎರಡನೆಯ ದಿನ ಬೆಳಿಗ್ಗೆ ವಾವೆಲ್ ಗುಡ್ಡ. ಅಲ್ಲಿನ ಕೆಥೆಡ್ರಲ್‌ನಲ್ಲಿ ರಾಜರ ಸಮಾಧಿಗಳು, 1520ರಲ್ಲಿ ಎರಕ ಹೊಯ್ದ ಸಿಗಿಸ್ಮಂಡ್ ಗಂಟೆ, ಬಂಗಾರದ ಗುಮ್ಮಟದ ಸಿಗಿಸ್ಮಂಡ್ ಪ್ರಾರ್ಥನಾ ಮಂದಿರ ಇವೆ. ಮಧ್ಯಾಹ್ನ ಹಳೆಯ ಯಹೂದಿ ಬಡಾವಣೆಯಾದ ಕಾಜಿಮಿಯೆಜ್‌ಗೆ ಹೋಗಿ, ವಿಸ್ತುಲಾ ನದಿ ದಾಟಿ ಪೊದ್ಗೂಜೆಗೆ ನಡೆಯಿರಿ. 1941ರಲ್ಲಿ ಯಹೂದಿಗಳನ್ನು ಕೂಡಿಹಾಕಿ, 1943ರ ಮಾರ್ಚ್‌ನಲ್ಲಿ ಬರಿದುಮಾಡಿದ ಘೆಟ್ಟೊ ಇದ್ದದ್ದು ಅಲ್ಲಿ. ಅಲ್ಲಿನ ಚೌಕದಲ್ಲಿ ಇಟ್ಟಿರುವ ಖಾಲಿ ಲೋಹದ ಕುರ್ಚಿಗಳು ಅದರ ಸ್ಮಾರಕ. ಯಹೂದಿಗಳಿಗೆ ಕೆಲಸ ಕೊಟ್ಟು ಸಾವಿನಿಂದ ಉಳಿಸಿದ ಜರ್ಮನ್ ಉದ್ಯಮಿ ಷಿಂಡ್ಲರ್‌ನ ಸಮೀಪದ ಕಾರ್ಖಾನೆ ಈಗ ಯುದ್ಧಕಾಲದ ಕ್ರಾಕೋವ್ ಬದುಕನ್ನು ತೋರಿಸುವ ವಸ್ತುಸಂಗ್ರಹಾಲಯ. ಟಿಕೆಟನ್ನು ಮೊದಲೇ ಕಾಯ್ದಿರಿಸಿ.

ಈಗ ಆ ಪ್ಯಾಕೇಜ್. ಆಶ್ವಿಟ್ಜ್ ಇರುವುದು ಕ್ರಾಕೋವ್‌ನಿಂದ ಪಶ್ಚಿಮಕ್ಕೆ ಸುಮಾರು 65 ಕಿಲೋಮೀಟರ್ ದೂರದಲ್ಲಿ. ಸುಮಾರು 11 ಲಕ್ಷ ಜನರನ್ನು, ಬಹುತೇಕ ಯಹೂದಿಗಳನ್ನು, ಕೊಂದ ಆ ಶಿಬಿರವನ್ನೂ ಅದಕ್ಕೆ ಸೇರಿದ ಬಿರ್ಕೆನಾವನ್ನೂ ನೋಡಲು ಅರ್ಧ ದಿನವೇ ಬೇಕು. ಹೊರಬಂದ ತಕ್ಷಣ ವ್ಯಾನ್ ಹತ್ತಿ ಉಪ್ಪಿನ ದೀಪಗುಚ್ಛಗಳನ್ನು ನೋಡಲು ಓಡುವುದು ಎರಡೂ ಜಾಗಗಳಿಗೆ ಮಾಡುವ ಅನ್ಯಾಯ. ವಿಯೆಲಿಚ್ಕಾದ ಆ ಉಪ್ಪಿನ ಗಣಿ ಅದ್ಭುತವೇ, 101 ಮೀಟರ್ ಆಳದಲ್ಲಿ ಉಪ್ಪನ್ನೇ ಕೊರೆದು ಮಾಡಿದ ಕಿಂಗಾ ಚರ್ಚು ಅಲ್ಲಿದೆ. ಆದರೆ ಆರಂಭದಲ್ಲೇ ಮುನ್ನೂರೆಂಬತ್ತರಷ್ಟು ಮೆಟ್ಟಿಲು ಇಳಿಯಬೇಕು, ಮೇಲೆ ಬರಲು ಮಾತ್ರ ಲಿಫ್ಟ್. ಮೂರನೆಯ ದಿನಕ್ಕೆ ಎರಡರಲ್ಲಿ ಒಂದನ್ನೇ ಆರಿಸಿ. ಮಂಡಿನೋವಿದ್ದರೆ ಆಯ್ಕೆ ಕಷ್ಟವಾಗದು.

ಪ್ರಶ್ನೆ: ವಾವೆಲ್ ಅರಮನೆಯಲ್ಲಿ ಶಿವನು ಎಸೆದ ಕಲ್ಲು ಇದೆಯಂತೆ, ನಿಜವೇ?
(ಓದುಗರು, ಧಾರವಾಡ)

ಉತ್ತರ: ಕಥೆ ಇರುವುದು ನಿಜ. ಶಿವನು ಭೂಮಿಯ ಮೇಲೆ ಏಳು ಕಡೆ ಎಸೆದ ಶಕ್ತಿಶಿಲೆಗಳಲ್ಲಿ ಒಂದು ವಾವೆಲ್‌ನಲ್ಲಿದೆ ಎಂದು ಹೇಳುವವರು ಅಂಗಳದ ಒಂದು ಮೂಲೆಯ ಗೋಡೆಗೆ ಬೆನ್ನು ಆನಿಸಿ ನಿಲ್ಲುತ್ತಾರೆ. ಇದು 20ನೇ ಶತಮಾನದಲ್ಲಿ ಯುರೋಪಿನಲ್ಲೇ ಹಬ್ಬಿದ ನಂಬಿಕೆ. ಅರಮನೆಯ ಆಡಳಿತ ಇದನ್ನು ಪ್ರೋತ್ಸಾಹಿಸುವುದಿಲ್ಲ. ಆ ಮೂಲೆಯಲ್ಲಿ ನಿಜಕ್ಕೂ ಇರುವುದು ಪುರಾತನ ಚರ್ಚೊಂದರ ಅವಶೇಷ.

ಪ್ರಶ್ನೆ: ಸಸ್ಯಾಹಾರಿಗಳಿಗೆ ಅಲ್ಲಿ ಊಟ ಸಿಗುತ್ತದೆಯೇ?
(ಗೃಹಿಣಿ, ಉಡುಪಿ)

ಉತ್ತರ: ಸಿಗುತ್ತದೆ. ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪಿಯೆರೋಗಿ ಕಡುಬು ಎಲ್ಲೆಡೆ ಇದೆ, ಆದರೆ ಅದರ ಮೇಲೆ ಹಂದಿ ಕೊಬ್ಬಿನ ಚೂರು ಉದುರಿಸುವ ರೂಢಿಯಿರುವುದರಿಂದ ಬೇಡವೆಂದು ಮೊದಲೇ ಹೇಳಿ. ಬೀದಿಯ ಗಾಡಿಗಳಲ್ಲಿ ಮಾರುವ ಒಬ್ವಾಜಾನೆಕ್ ಎಂಬ ಬಳೆಯಾಕಾರದ ರೊಟ್ಟಿಯನ್ನು ಎಳ್ಳು ಇಲ್ಲವೇ ಗಸಗಸೆ ಹಾಕಿದ್ದೇ ಕೇಳಿ ತೆಗೆದುಕೊಳ್ಳಿ. ಹಣ ಕೊಡುವಾಗ ನೆನಪಿರಲಿ, ಅಲ್ಲಿ ನಡೆಯುವುದು ಯೂರೋ ಅಲ್ಲ, ಜ್ಲೋಟಿ.