ಬೀಗ ಹಾಕಿ, ಆಮೇಲೆ ಬಾಗಿಲನ್ನು ಮೇಲಕ್ಕೆತ್ತಿ ನೋಡಿ

ಪ್ರಶ್ನೆ: ನಮ್ಮ ಹಾಲ್‌ನಿಂದ ಹಿತ್ತಲಿಗೆ ಹೋಗಲು ಗಾಜಿನ ಸ್ಲೈಡಿಂಗ್ ಬಾಗಿಲಿದೆ. ಒಂದು ಕದ ಸರಿಯುತ್ತದೆ, ಇನ್ನೊಂದು ಅಲ್ಲಾಡುವುದಿಲ್ಲ. ಹಿಡಿಯ ಹತ್ತಿರ ಒಂದು ಸಣ್ಣ ಲಾಕ್ ಬಿಟ್ಟರೆ ಬೇರೇನೂ ಇಲ್ಲ. ಯಜಮಾನರು ಕೆಲಸದ ಮೇಲೆ ಊರೂರು ತಿರುಗುತ್ತಾರೆ. ರಾತ್ರಿ ಮನೆಯಲ್ಲಿ ನಾನು ಮತ್ತು ವಯಸ್ಸಾದ ಅತ್ತೆ ಇಬ್ಬರೇ. ಯಾರಾದರೂ ಗಾಜು ಒಡೆದು ಬಂದರೆ ಎಂದು ನಿದ್ದೆಯೇ ಬರುವುದಿಲ್ಲ. ಬಾಗಿಲು ತೆಗೆಸಿ ಗೋಡೆ ಕಟ್ಟಿಸಿಬಿಡಲಾ?

ಉತ್ತರ: ಗೋಡೆ ಬೇಡ ತಾಯಿ. ಅಷ್ಟು ಬೆಳಕು ಕೊಡುವ ಬಾಗಿಲನ್ನು ಕಳೆದುಕೊಳ್ಳಬೇಡಿ. ನಿಮ್ಮ ಭಯಕ್ಕೆ ಕಾರಣ ಇದೆ, ಆದರೆ ಗಾಜಿಗಿಂತ ಮೊದಲು ನೋಡಬೇಕಾದ ಜಾಗ ಬೇರೆ. ಗಾಜು ಒಡೆದರೆ ಸದ್ದಾಗುತ್ತದೆ. ಸದ್ದೇ ಇಲ್ಲದೆ ಬಿಚ್ಚಿಕೊಳ್ಳುವ ದಾರಿಯೊಂದು ಈ ಬಾಗಿಲುಗಳಲ್ಲಿದೆ.

ಇವತ್ತೇ ಒಂದು ಪರೀಕ್ಷೆ ಮಾಡಿ. ಲಾಕ್ ಹಾಕಿ, ಸರಿಯುವ ಕದವನ್ನು ಎರಡು ಕೈಯಿಂದ ಹಿಡಿದು ಮೇಲಕ್ಕೆ ಎತ್ತಿ. ಕದ ಮೇಲೇಳುತ್ತಾ? ಲಾಕ್‌ನ ಕೊಕ್ಕೆ ಸಡಿಲವಾಗುತ್ತಾ? ಹಾಗಾದರೆ ನಿಮ್ಮ ಮೊದಲ ಕೆಲಸ ಅಲ್ಲಿದೆ.

ನಾನು ಈ ಬಾಗಿಲುಗಳನ್ನು ಕೂರಿಸುವ ಕೆಲಸವನ್ನೇ ಮಾಡಿದವನು. ಕದವನ್ನು ಮೊದಲು ಮೇಲಿನ ಚಾನಲ್‌ಗೆ (ಚೌಕಟ್ಟಿನ ಮೇಲ್ಭಾಗದ ಉದ್ದನೆಯ ಸಂದಿಗೆ) ತೂರಿಸಿ, ಆಮೇಲೆ ಕೆಳಗಿನ ಟ್ರ್ಯಾಕ್ ಮೇಲೆ ಇಳಿಸುತ್ತೇವೆ. ಅದಕ್ಕೇ ಮೇಲೆ ಸ್ವಲ್ಪ ಜಾಗ ಬಿಟ್ಟಿರುತ್ತೇವೆ. ಒಳಗೆ ಹೋದ ದಾರಿಯಲ್ಲೇ ಅದು ಹೊರಗೂ ಬರುತ್ತದೆ. ಒಮ್ಮೆ ಒಂದು ಮನೆಯವರು ಬೀಗದ ಕೈ ಒಳಗೇ ಬಿಟ್ಟು ಹೊರಗೆ ಸಿಕ್ಕಿಕೊಂಡಿದ್ದರು. ನಾನೇ ಕೂರಿಸಿದ ಬಾಗಿಲು. ಒಂದು ಚಪ್ಪಟೆ ಪಟ್ಟಿ ಕೊಟ್ಟು ಎತ್ತಿದೆ, ಲಾಕ್ ಹಾಕಿದ್ದ ಹಾಗೇ ಕದ ಕೈಗೆ ಬಂತು. ಅವರು ಖುಷಿಪಟ್ಟರು. ನನಗೆ ಹೊಟ್ಟೆಯಲ್ಲಿ ತಳಮಳ. ಮಾರನೇ ದಿನವೇ ಹೋಗಿ ಸರಿ ಮಾಡಿಕೊಟ್ಟೆ. ಆಮೇಲೆ ಕೂರಿಸಿದ ಒಂದು ಬಾಗಿಲನ್ನೂ ಹಾಗೆ ಬಿಟ್ಟಿಲ್ಲ.

ಸರಿಮಾಡುವುದು ಹೀಗೆ. ಮೊದಲು ಟ್ರ್ಯಾಕ್‌ನ ಮಣ್ಣು, ಕಸ ತೆಗೆಯಿರಿ. ಕದದ ಕೆಳತುದಿಯಲ್ಲಿ ಸಣ್ಣ ತೂತಿನೊಳಗೆ ಒಂದು ಸ್ಕ್ರೂ ಇರುತ್ತದೆ. ಅದನ್ನು ತಿರುಗಿಸಿದರೆ ಕೆಳಗಿನ ಗಾಲಿ ಏರುತ್ತದೆ ಅಥವಾ ಇಳಿಯುತ್ತದೆ, ಅದರ ಜೊತೆ ಕದವೂ. ಮೇಲೆ ಉಜ್ಜದಷ್ಟು ಮಟ್ಟಕ್ಕೆ ಕದವನ್ನು ಎತ್ತರಿಸಿ. ಗಾಲಿ ಸವೆದಿದ್ದರೆ ಬದಲಾಯಿಸಿ. ಆಮೇಲೆ ಬಾಗಿಲು ತೆರೆದು, ಮೇಲಿನ ಚಾನಲ್‌ನ ಒಳಗೆ ಎರಡು ಮೂರು ಕಡೆ ಸ್ಕ್ರೂ ಹಾಕಿ. ಪೂರ್ತಿ ಬಿಗಿಯಬೇಡಿ, ತಲೆ ಕೆಳಕ್ಕೆ ಚಾಚಿಕೊಂಡಿರಲಿ. ಕದ ಅದರ ಕೆಳಗೆ ತಾಗದೆ ಸರಿಯಬೇಕು, ಆದರೆ ಎತ್ತಿದರೆ ತಡೆಯಬೇಕು. ಇಷ್ಟೇ. ದೊಡ್ಡ ಖರ್ಚಿಲ್ಲ.

ಇನ್ನು ಪಕ್ಕಕ್ಕೆ ಸರಿಸುವುದನ್ನು ತಡೆಯಲು ಟ್ರ್ಯಾಕ್‌ನಲ್ಲಿ ಒಂದು ಕೋಲು ಇಡುವುದು ಹಳೇ ಉಪಾಯ. ಈಗಲೂ ಅದಕ್ಕೆ ಸಮ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಗಟ್ಟಿ ಮರದ್ದಿರಲಿ, ಇಲ್ಲವೇ ದಪ್ಪ ಅಲ್ಯೂಮಿನಿಯಂದು. ನೀರಿನ ಪ್ಲಾಸ್ಟಿಕ್ ಪೈಪ್ ಬೇಡ, ಜೋರಾಗಿ ತಳ್ಳಿದರೆ ಬಾಗುತ್ತದೆ. ಬಾಗಿಲು ಮುಚ್ಚಿದಾಗ ಕದದಿಂದ ಚೌಕಟ್ಟಿನವರೆಗೆ ಅಳತೆ ತೆಗೆದು, ಅದಕ್ಕಿಂತ ಅರ್ಧ ಸೆಂಟಿಮೀಟರ್ ಮಾತ್ರ ಕಡಿಮೆ ಕತ್ತರಿಸಿ. ಒಂದು ಗೇಣು ಸಡಿಲ ಬಿಟ್ಟರೆ ಅಷ್ಟರಲ್ಲೇ ಕೈ ತೂರುತ್ತದೆ.

ಆದರೆ ಒಂದು ಮಾತು. ಸರಿಯುವ ಕದ ಒಳಗಿನ ಟ್ರ್ಯಾಕ್‌ನಲ್ಲಿದ್ದರೆ ಮಾತ್ರ ಈ ಕೋಲು ಕೆಲಸಕ್ಕೆ ಬರುತ್ತದೆ. ಅದು ಹೊರಗಿನ ಟ್ರ್ಯಾಕ್‌ನಲ್ಲಿದ್ದರೆ ಕೋಲೂ ಹೊರಗಿನವರ ಕೈಗೇ ಸಿಗುತ್ತದೆ, ಅಲ್ವಾ? ಆಗ ಪಿನ್ ಹಾಕಿಸಿ. ಎರಡು ಕದಗಳ ಚೌಕಟ್ಟು ಒಂದರ ಮೇಲೊಂದು ಬರುವ ಕಡೆ, ಒಳಗಿನದಕ್ಕೆ ಪೂರ್ತಿ, ಹೊರಗಿನದಕ್ಕೆ ಅರ್ಧ ಮಾತ್ರ ತೂತು ಕೊರೆದು ಉಕ್ಕಿನ ಪಿನ್ ತೂರಿಸುವುದು. ತೂತು ಒಳಗಿನಿಂದ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಅಲ್ಲಾಡಿಸಿದರೂ ಪಿನ್ ಬೀಳುವುದಿಲ್ಲ. ಇದನ್ನು ನೀವೇ ಕೊರೆಯಲು ಹೋಗಬೇಡಿ. ಗಾಜಿನ ಅಂಚು ಚೌಕಟ್ಟಿನ ಒಳಗೂ ಹೋಗಿರುತ್ತದೆ. ಟಫನ್ಡ್ ಗಾಜಿನ (ಕಾಯಿಸಿ ಗಟ್ಟಿಮಾಡಿದ ಗಾಜು) ಅಂಚಿಗೆ ಡ್ರಿಲ್ ತಾಗಿದರೆ ಇಡೀ ಗಾಜು ಪುಡಿಪುಡಿ.

ಈಗ ನಿಮ್ಮ ಗಾಜಿನ ಭಯ. ಟಫನ್ಡ್ ಗಾಜು ಒಡೆದರೆ ಸಣ್ಣ ಸಣ್ಣ ಚೂರಾಗಿ ಉದುರುತ್ತದೆ. ಮೈ ಕೊಯ್ಯುವುದು ಕಡಿಮೆ, ಆದರೆ ದಾರಿ ತೆರೆದುಕೊಳ್ಳುತ್ತದೆ. ಲ್ಯಾಮಿನೇಟೆಡ್ ಗಾಜಿನಲ್ಲಿ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುತ್ತದೆ. ಕಾರಿನ ಮುಂದಿನ ಗಾಜು ಇದೇ. ಬಿರುಕು ಬಿಟ್ಟರೂ ಉದುರುವುದಿಲ್ಲ. ಗಾಜು ಬದಲಾಯಿಸುವ ಸಂದರ್ಭ ಬಂದರೆ ಇದನ್ನೇ ಕೇಳಿ. ಅಲ್ಲಿಯವರೆಗೆ ಒಳಮೈಗೆ ಸೆಕ್ಯುರಿಟಿ ಫಿಲ್ಮ್ ಅಂಟಿಸಬಹುದು, 200 ಮೈಕ್ರಾನ್ (0.2 ಮಿಲಿಮೀಟರ್) ಆಸುಪಾಸಿನ ದಪ್ಪದ್ದು. ಅಂಚನ್ನು ಚೌಕಟ್ಟಿಗೂ ಸೇರಿಸಿ ಅಂಟಿಸಬೇಕು. ಇಲ್ಲದಿದ್ದರೆ ಒದ್ದಾಗ ಗಾಜು, ಫಿಲ್ಮ್ ಎರಡೂ ಹಾಳೆಯ ಹಾಗೆ ಒಟ್ಟಿಗೆ ಕಿತ್ತು ಬರುತ್ತವೆ. ಬಿಸಿಲು ತಡೆಯುವ ತೆಳು ಫಿಲ್ಮ್ ಇದಕ್ಕೆ ಸಾಲದು.

ಬಾಗಿಲು ಸರಿದರೆ ಕೂಗುವ ಅಲಾರಂ ಒಳ್ಳೆಯದೇ. ಅದು ಎಬ್ಬಿಸುತ್ತದೆ, ತಡೆಯುವುದಿಲ್ಲ.

ಕೊನೆಗೆ ನಿಮ್ಮ ಅತ್ತೆಯವರ ವಿಷಯ. ಬೆಂಕಿ ಹೊತ್ತಿಕೊಂಡರೆ ಇದೇ ಬಾಗಿಲಲ್ಲಿ ಅವರು ಹೊರಗೆ ಓಡಬೇಕಾಗಬಹುದು. ಹಾಗಾಗಿ ಬೀಗದ ಕೈ ಬೇಕಾಗುವಂಥದ್ದು ಏನನ್ನೂ ಒಳಗಡೆ ಹಾಕಿಸಬೇಡಿ. ಕೋಲಿಗೋ ಪಿನ್ನಿಗೋ ದಪ್ಪ ದಾರದ ಕುಣಿಕೆ ಕಟ್ಟಿ. ಒಂದು ರಾತ್ರಿ ದೀಪ ಆರಿಸಿ, ಅವರ ಕೈಯಿಂದಲೇ ಅದನ್ನು ಎಳೆದು ತೆಗೆಸಿ. ಅವರಿಗೆ ಬಗ್ಗುವುದು ಕಷ್ಟವಾದರೆ ಕೋಲು ಬೇಡ, ಸೊಂಟದ ಎತ್ತರಕ್ಕೆ ಪಿನ್ ಹಾಕಿಸಿ.