ಸಕ್ಕರೆ ಆರತಿ ಅಚ್ಚಿನ ಫೋಟೊ ಉಬ್ಬಿದಂತೆ ಯಾಕೆ ಕಾಣ್ತದ?

ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ (ಸಕ್ಕರೆ ಪಾಕದ ಗೊಂಬೆಗಳು) ಮಾಡುವ ಕಟ್ಟಿಗೆ ಅಚ್ಚನ್ನು ಮಾರಾಟಕ್ಕಿಟ್ಟೀರಿ, ಫೋಟೊ ನೋಡಿದವರೆಲ್ಲ "ಇದು ಉಬ್ಬು ಕೆತ್ತನೆ, ಅಚ್ಚಲ್ಲ" ಅಂತಾರೆ ಅಂತ ಕೇಳಿದ್ದೀರಲ್ಲ. ಅಚ್ಚಿನಲ್ಲಿ ದೋಷ ಇಲ್ರಿ, ಬೆಳಕಿನ ದಿಕ್ಕು ತಪ್ಪಿದೆ.

ಬೆಳಕು ಮೇಲಿಂದ ಬೀಳುತ್ತದೆ ಅಂತ ಮಿದುಳು ಮೊದಲೇ ಹಿಡಿದುಕೊಂಡಿರುತ್ತದೆ. ಸೂರ್ಯ ಇರುವುದೇ ಮೇಲೆ. ಹಾಗಾಗಿ ಮೇಲಂಚು ಬೆಳ್ಳಗೆ, ಕೆಳಅಂಚು ಕಪ್ಪಗೆ ಇದ್ದರೆ ಉಬ್ಬು ಅಂತಲೂ, ತಿರುವುಮುರುವಾದರೆ ತಗ್ಗು ಅಂತಲೂ ಓದುತ್ತದೆ. ನಿಮ್ಮ ಚಿತ್ರದಲ್ಲಿ ಕಿಟಕಿ ಬೆಳಕು ಕೆಳಗಡೆಯಿಂದ ಬಂದಿದೆ, ಅಚ್ಚಿನಲ್ಲಿ ಕೆತ್ತಿದ ನವಿಲಿನ ತಗ್ಗಿನ ಮೇಲಂಚು ಹೊಳೆಯುತ್ತಿದೆ. ಫೋಟೊವನ್ನು ತಲೆಕೆಳಗು ಮಾಡಿ ನೋಡ್ರಿ, ನವಿಲು ಒಳಗೆ ಇಳಿಯುತ್ತದೆ. ಕೈಯಲ್ಲಿ ಹಿಡಿದಾಗ ಈ ಗೊಂದಲ ಕಡಿಮೆ, ಯಾಕಂದರೆ ಎರಡು ಕಣ್ಣು ಆಳ ಅಳೆಯುತ್ತವೆ. ಫೋಟೊದಲ್ಲಿ ಆ ಅನುಕೂಲ ಇಲ್ಲ.

ಮತ್ತೆ ತೆಗೆಯುವಾಗ ಫ್ಲ್ಯಾಶ್ ಬೇಡ, ನೆರಳೇ ಅಳಿಸಿಹೋಗುತ್ತದೆ. ಅಚ್ಚಿನ ತಲೆಭಾಗವನ್ನು ಕಿಟಕಿ ಕಡೆ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ನೋಡಿಕೊಳ್ಳಿ.

ಗೊಂಬೆಯ ಮುಖ ಮಾತ್ರ ಹಟಮಾರಿ. ಮುಖ ಅಂದರೆ ಮೂಗು ಮುಂದಕ್ಕೇ ಇರಬೇಕು ಅನ್ನುವ ರೂಢಿ ಎಷ್ಟು ಗಟ್ಟಿ ಅಂದರೆ, ಬೆಳಕು ಸರಿ ಇದ್ದರೂ ತಗ್ಗು ಮುಖ ಉಬ್ಬಿದಂತೆ ಕಾಣಬಹುದು. ಮುಖವಾಡದ ಒಳಬದಿಯನ್ನು ದೂರದಿಂದ ಒಂದು ಕಣ್ಣು ಮುಚ್ಚಿ ನೋಡಿದರೂ ಇದೇ ಕಥೆ. ಅದಕ್ಕೆ ಇನ್ನೊಂದು ಫೋಟೊದಲ್ಲಿ ತಗ್ಗಿನೊಳಗೆ ಒಂದು ಚಮಚ ಸಕ್ಕರೆ ಸುರುವಿರಿ. ಸಕ್ಕರೆ ತಗ್ಗಿನಲ್ಲೇ ನಿಲ್ಲುತ್ತದೆ ಅನ್ನುವುದೂ ಕಣ್ಣಿಗೆ ಗೊತ್ತಲ್ಲ.