ಬೋಧಕನ ಕಾಲ ಬಳಿಯೂ ಬ್ರೇಕ್ ಇದ್ದರೆ ಅಪಾಯವೇನು?

ಹದಿನೈದು ವರ್ಷ ಅಪಘಾತವಿಲ್ಲದೆ ಕಾರು ಓಡಿಸಿದ್ದೀರಿ, ಬೋಧಕನಿಗೂ ಬ್ರೇಕ್ ಇರುತ್ತದೆ, ಹಾಗಿರುವಾಗ ಡ್ರೈವಿಂಗ್ ಶಾಲೆಯ ಕೆಲಸಕ್ಕೆ ಹೆದರಬೇಕೇ ಎಂದು ಕೇಳಿದ್ದೀರಿ. ನಾನೂ ಇದೇ ಧೈರ್ಯದಿಂದ ಮೈಸೂರಿನ ಒಂದು ಶಾಲೆಗೆ ಸೇರಿದವನು. ನನಗೆ ಪೆಟ್ಟು ಕೊಟ್ಟದ್ದು ಆ ಬ್ರೇಕೇ.

ಹುಣಸೂರು ರಸ್ತೆಯಲ್ಲಿ ಬೆಳಗಿನ ಪಾಠ. ಕಲಿಯುತ್ತಿದ್ದವರು ನಿವೃತ್ತ ಬ್ಯಾಂಕ್ ನೌಕರರು, ಬಹಳ ಅಚ್ಚುಕಟ್ಟು. ನಾಯಿಯೊಂದು ರಸ್ತೆಗಿಳಿಯಿತು. ಅವರು ಆಗಲೇ ವೇಗ ತಗ್ಗಿಸುತ್ತಿದ್ದರು, ಅಷ್ಟೇ ಸಾಕಿತ್ತು. ನಾನು ಗಾಬರಿಯಿಂದ ನನ್ನ ಬ್ರೇಕನ್ನು ಪೂರ್ತಿ ತುಳಿದೆ. ಕಾರು ಗಕ್ಕನೆ ನಿಂತಿತು. ಹಿಂದಿದ್ದ ಹಾಲಿನ ವ್ಯಾನು ಬಂದು ಗುದ್ದಿತು. ನಾಯಿಗೆ ಏನೂ ಆಗಲಿಲ್ಲ.

ತಪ್ಪು ಕಾಲಿನದಲ್ಲ, ಕನ್ನಡಿಯದು. ಕಾರಿನೊಳಗಿನ ಕನ್ನಡಿಯನ್ನು ಕಲಿಯುವವರ ಕಣ್ಣಿಗೆ ಹೊಂದಿಸಿರುತ್ತೇವೆ. ಎಡಗಡೆ ಕುಳಿತವನಿಗೆ ಅದರಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ. ಹೊರಗಿನ ಕನ್ನಡಿಗಳೂ ಚಾಲಕನ ಲೆಕ್ಕದವೇ. ಗಾಜಿಗೆ ಅಂಟಿಸುವ ಇನ್ನೊಂದು ಸಣ್ಣ ಕನ್ನಡಿ ಯಾವುದೇ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಮಾಲೀಕರು ಬೇಡವೆಂದರು, ನಾನೂ ಒತ್ತಾಯಿಸಲಿಲ್ಲ. ನನ್ನ ಕಾರಿನಲ್ಲಾಗಿದ್ದರೆ ಬ್ರೇಕಿಗೆ ಮುಂಚೆ ಕಣ್ಣು ತಾನಾಗಿ ಕನ್ನಡಿಗೆ ಹೋಗುತ್ತಿತ್ತು. ಎಡಸೀಟಿನಲ್ಲಿ ಕನ್ನಡಿಯಿಲ್ಲದ ಕಾರಣ ಕಣ್ಣಿನ ಅಭ್ಯಾಸ ಸತ್ತು, ಕಾಲಿನ ಅಭ್ಯಾಸ ಮಾತ್ರ ಉಳಿದಿತ್ತು. ನಿಮ್ಮ ಹದಿನೈದು ವರ್ಷದ ಅನುಭವಕ್ಕೂ ಅಲ್ಲಿ ಇದೇ ಗತಿ. ದುರಸ್ತಿಯ ಹಣ ನನ್ನ ಸಂಬಳದಲ್ಲಿ ಕಡಿತವಾಯಿತು.

ಶಾಲೆಯ ವಾಹನಕ್ಕೆ ಜೋಡಿ ನಿಯಂತ್ರಣ ಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಆದರೆ ನಾನು ಪಾಠ ಹೇಳಿದ ಕಾರುಗಳಲ್ಲಿ ನನ್ನ ಕಡೆಗಿದ್ದದ್ದು ಕ್ಲಚ್ ಮತ್ತು ಬ್ರೇಕ್ ಮಾತ್ರ. ಬ್ರೇಕೆಂದುಕೊಂಡು ಕಲಿಯುವವರು ಆಕ್ಸಿಲರೇಟರ್ ಒತ್ತಿದರೆ ನಿಮ್ಮ ಕ್ಲಚ್ ತುಳಿಯಿರಿ: ಎಂಜಿನ್ ಅರಚಿಕೊಳ್ಳುತ್ತದೆ, ಚಕ್ರಕ್ಕೆ ಬಲ ತಲುಪುವುದಿಲ್ಲ. ಆಮೇಲೆ ಅಳೆದು ಬ್ರೇಕ್ ಹಾಕಿ. ಬಲಗೈ ಸದಾ ಸ್ಟಿಯರಿಂಗ್‌ ಹತ್ತಿರವಿರಲಿ. ಹೊಸಬರಿಗಿಂತ, ಮೂರನೇ ಗೇರು ಒಲಿದವರ ಪಕ್ಕದಲ್ಲಿ ಹೆಚ್ಚು ಎಚ್ಚರವಾಗಿರಿ. ಹೊಸಬರು ಭಯದಿಂದ ತೆವಳುತ್ತಾರೆ. ಇವರು ಮಾತನಾಡುತ್ತಾ ಓಡಿಸುತ್ತಾರೆ. ‘ಎಲ್’ ಫಲಕ ನೋಡಿ ಹಿಂದಿನವರು ದೂರ ಇರುತ್ತಾರೆಂಬುದನ್ನು ಮರೆತುಬಿಡಿ. ಅದನ್ನು ಕಂಡವರು ಹಾರ್ನ್ ಒತ್ತುತ್ತಾ ಇನ್ನೂ ಹತ್ತಿರ ಬರುತ್ತಾರೆ.

ಸೇರುವ ಮುನ್ನ ಎರಡನೇ ಕನ್ನಡಿ ಹಾಕಿಸಿಕೊಳ್ಳಿ, ಕಾರು ಜಖಂ ಆದರೆ ಖರ್ಚು ಯಾರದೆಂದು ಬರಹದಲ್ಲಿ ಪಡೆಯಿರಿ. ಮಾಲೀಕರು ನಕ್ಕು ತಳ್ಳಿಹಾಕಿದರೆ ಟ್ಯಾಕ್ಸಿ ಓಡಿಸಿ.